ಕಡಲಿನ ಜೀವಿಗೆ ಕೊಳದ ಸೆರೆ

ಬೇಸಿಗೆಯ ರಜೆ ಬಂದಿತೆಂದರೆ ದುಬೈ, ಅಮೆರಿಕಗಳಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿಬರುವ ಹಿರಿಯರು ನಮ್ಮ ಸಮಾಜದಲ್ಲಿ ಈಗ ವಿರಳರಲ್ಲ. ಅವರು ಅಲ್ಲಿ ಕಂಡುಬರುವ ವಿಶೇಷಗಳಲ್ಲಿ ಡಾಲ್ಫಿನ್ ಪ್ರದರ್ಶನವೂ ಒಂದು. ನೀಲಿ ಕೊಳದಿಂದ ಚಿಮ್ಮಿ ಬಳೆಯೊಳಗೆ ನುಸುಳುವ ಆ ಪ್ರಾಣಿಯ ಚಿತ್ರಗಳನ್ನು ತೋರಿಸುವಾಗ ಅಜ್ಜ-ಅಜ್ಜಿಯರ ಮುಖದಲ್ಲಿಯೂ ಮೊಮ್ಮಕ್ಕಳ ಹಿಗ್ಗೇ ಇರುತ್ತದೆ. ಆ ಹಿಗ್ಗನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೂ ತಿಮಿಂಗಿಲ, ಡಾಲ್ಫಿನ್‌ಗಳನ್ನು ಮನರಂಜನೆಗಾಗಿ ಸೆರೆಯಲ್ಲಿಡುವುದು ತರವಲ್ಲವೆಂಬ ನಮ್ಮ ಅಭಿಪ್ರಾಯವನ್ನು ಸಮಾಜ ಬಾಂಧವರ ಮುಂದಿಡದೆ ಇರಲಾರೆವು.

ಡಾಲ್ಫಿನ್ ಮೀನಲ್ಲ, ನಮ್ಮಂತೆ ಗಾಳಿಯನ್ನು ಉಸಿರಾಡುವ, ಮರಿಗೆ ಮೊಲೆಯೂಡಿಸುವ ಪ್ರಾಣಿ. ಕತ್ತಲ ನೀರಿನಲ್ಲಿ ತಾನು ಹೊರಡಿಸಿದ ಸದ್ದಿನ ಮಾರ್ದನಿಯಿಂದಲೇ ದಾರಿಯನ್ನೂ ಆಹಾರವನ್ನೂ ಅರಿಯುತ್ತದೆ. ಇದೇ ಕುಲದಲ್ಲಿ ಎಲ್ಲಕ್ಕಿಂತ ದೊಡ್ಡದು ಓರ್ಕಾ. ಕೆಲವು ಕಡಲುಗಳಲ್ಲಿ ಓರ್ಕಾಗಳ ಗಂಡುಮಕ್ಕಳು ಬೆಳೆದು ದೊಡ್ಡವಾದರೂ ತಾಯಿಯ ಗುಂಪನ್ನು ಬಿಟ್ಟು ಹೋಗುವುದಿಲ್ಲ. ಅವಿಭಕ್ತ ಕುಟುಂಬವೆಂದರೆ ಅದೇ. ಕಿತ್ತೂರಿನಿಂದ ಹೊರಟು ಬೈಲಹೊಂಗಲ, ಸವದತ್ತಿಗಳನ್ನು ಹಾದು ರಾಮದುರ್ಗವನ್ನು ಮುಟ್ಟುವಷ್ಟು ದೂರವನ್ನು ಅದು ಒಂದೇ ದಿನದಲ್ಲಿ ಈಜಬಲ್ಲದು. ಅಂಥದ್ದನ್ನು ಸಿಮೆಂಟಿನ ತೊಟ್ಟಿಯಲ್ಲಿಟ್ಟರೆ ಸುತ್ತಿದ ಸುತ್ತನ್ನೇ ಸುತ್ತುವುದಲ್ಲದೆ ಇನ್ನೇನು ಮಾಡೀತು?

ತಿಲಿಕುಮ್ ಎಂಬ ಗಂಡು ಓರ್ಕಾದ ಕಥೆ ಜಗತ್ತಿಗೆಲ್ಲ ತಿಳಿದಿದೆ. 1983ರಲ್ಲಿ ಐಸ್‌ಲ್ಯಾಂಡಿನ ಕಡಲಲ್ಲಿ ಹಿಡಿದಾಗ ಅದಕ್ಕೆ ಸುಮಾರು ಎರಡು ವರ್ಷ. ಕೆನಡಾದಲ್ಲಿ ಕೆಲಕಾಲ ಇದ್ದು ಬಳಿಕ ಅಮೆರಿಕದ ಓರ್ಲ್ಯಾಂಡೊ ನಗರದ ಕೊಳವನ್ನು ಸೇರಿತು. 2010ರಲ್ಲಿ ತನ್ನ ತರಬೇತುದಾರಳನ್ನೇ ನೀರಿಗೆಳೆದು ಕೊಂದಿತು. 2017ರ ಜನವರಿಯಲ್ಲಿ ಸತ್ತಾಗ ಸೆರೆಗೆ 33 ವರ್ಷಗಳು ತುಂಬಿದ್ದವು. ಅಪರಾಧ ಯಾರದೆಂದು ವಾಚಕರೇ ಯೋಚಿಸಲಿ. ಕೆನಡಾ ದೇಶವಂತೂ 2019ರಲ್ಲಿ ಇಂಥ ಸೆರೆಯನ್ನು ಕಾನೂನಿನಿಂದಲೇ ನಿಷೇಧಿಸಿತು.

ನಮ್ಮ ರೈತ ಬಂಧುಗಳು ಇಲ್ಲಿ ಒಂದು ಮಾತನ್ನು ಕೇಳಬಹುದು: ಎತ್ತಿಗೆ ಮೂಗುದಾರ ಹಾಕಿ ನೊಗ ಹೊರಿಸುವವರು ನಾವಲ್ಲವೇ, ನಮಗೇಕೆ ಈ ಉಪದೇಶ? ಪ್ರಶ್ನೆ ಯೋಗ್ಯವಾದುದೇ. ಆದರೆ ಎತ್ತು ನಮ್ಮ ಹಕ್ಕಿಯಲ್ಲಿ ಹುಟ್ಟಿ, ನಮ್ಮ ಹೊಲದ ಕಣಿಕೆಯನ್ನು ತಿಂದು, ಸಾವಿರಾರು ವರ್ಷಗಳಿಂದ ಮನುಷ್ಯನ ಒಕ್ಕಲುತನಕ್ಕೆ ಹೊಂದಿಕೊಂಡು ಬಂದ ಜೀವ. ಕಾರಹುಣ್ಣಿಮೆಯಂದು ಅದರ ಕೊಂಬಿಗೆ ಬಣ್ಣ ಬಳಿದು ಪೂಜಿಸುತ್ತೇವೆ. ಅದು ದುಡಿಯುತ್ತದೆ, ನಾವೂ ಅದರ ಬೆನ್ನ ಹಿಂದೆಯೇ ದುಡಿಯುತ್ತೇವೆ. ಹಾಗಿದ್ದೂ ಅದನ್ನು ಹಿಂಸಿಸುವವನನ್ನು ಊರು ಮೆಚ್ಚುವುದಿಲ್ಲ. ಡಾಲ್ಫಿನ್ನಿಗೂ ನಮಗೂ ಇಂಥ ಯಾವ ಋಣಾನುಬಂಧವಿದೆ? ಅದರ ಜಿಗಿತದಿಂದ ಯಾರ ಹೊಲವೂ ಬಿತ್ತುವುದಿಲ್ಲ, ಯಾರ ಹೊಟ್ಟೆಯೂ ತುಂಬುವುದಿಲ್ಲ. ಒಂದೊಂದು ಆಟಕ್ಕೆ ಒಂದೊಂದು ಸತ್ತ ಮೀನು, ಅಷ್ಟೇ. ಅದರ ಮುಖದ ನಗುವೂ ನಗುವಲ್ಲ, ಬಾಯಿಯ ಆಕಾರವೇ ಹಾಗೆ. ಸಾಯುವಾಗಲೂ ಅದು ನಗುತ್ತಿರುವಂತೆಯೇ ಕಾಣುತ್ತದೆ.

ಸೆರೆಯೆಂಬ ಮಾತಿನ ಭಾರವನ್ನು ನಮ್ಮ ನಾಡಿಗೆ ಹೇಳಿಕೊಡಬೇಕಾಗಿಲ್ಲ. ಕಿತ್ತೂರಿನ ರಾಣಿ ಚೆನ್ನಮ್ಮನವರು ಬೈಲಹೊಂಗಲದ ಕೋಟೆಯಲ್ಲಿ ಬಂದಿಯಾಗಿದ್ದು 1829ರಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದರು. ವೀರಮಾತೆಯನ್ನು ಪ್ರಾಣಿಯೊಂದಿಗೆ ಹೋಲಿಸುವ ಅವಿವೇಕ ನಮ್ಮದಲ್ಲ. ಆದರೆ ಅವರ ಹೆಸರನ್ನೇ ಹೊತ್ತ ಬೆಳಗಾವಿ ಬಳಿಯ ಭೂತರಾಮನಹಟ್ಟಿಯ ಮೃಗಾಲಯದಲ್ಲಿ 2025ರ ನವೆಂಬರಿನಲ್ಲಿ ಕೆಲವೇ ದಿನಗಳೊಳಗೆ 31 ಕೃಷ್ಣಮೃಗಗಳು ಗಂಟಲುಬೇನೆಯಿಂದ ಸತ್ತ ಸುದ್ದಿಯನ್ನು ಓದಿ ಮರುಗದವರಾರು? ಬೇಲಿಯೊಳಗಿನ ಜೀವಕ್ಕೆ ರೋಗ ಬಂದರೆ ಓಡಿಹೋಗಲು ಎಡೆಯಿಲ್ಲ. ಅಳಿಯುತ್ತಿರುವ ಸಂತತಿಯನ್ನು ಉಳಿಸಲು ಮೃಗಾಲಯ ಬೇಕಾದೀತು. ಆ ಮಾತು ಬೇರೆ. ಚಪ್ಪಾಳೆಗಾಗಿ ನಡೆಯುವ ಸೆರೆಗೆ ಆ ನೆಪವೂ ಇಲ್ಲ.

ನಮ್ಮ ದೇಶದಲ್ಲಿಯೂ ಈ ಆಟವನ್ನು ಒಮ್ಮೆ ನೋಡಿಯಾಗಿದೆ. 1990ರ ದಶಕದ ಕೊನೆಯಲ್ಲಿ ಚೆನ್ನೈ ಸಮೀಪದ ವಿಹಾರಕೇಂದ್ರವೊಂದಕ್ಕೆ ಬಲ್ಗೇರಿಯದಿಂದ ತರಿಸಿದ ಡಾಲ್ಫಿನ್‌ಗಳು ಕೆಲವೇ ತಿಂಗಳುಗಳಲ್ಲಿ ಸತ್ತವು. ಮುಂದೆ ಕೊಚ್ಚಿ ಮೊದಲಾದೆಡೆ ಇಂಥವೇ ಯೋಜನೆಗಳು ತಲೆಯೆತ್ತಿದಾಗ, ಕೇಂದ್ರ ಮೃಗಾಲಯ ಪ್ರಾಧಿಕಾರವು 2013ರ ಮೇ ತಿಂಗಳಿನಲ್ಲಿ ಸುತ್ತೋಲೆ ಹೊರಡಿಸಿ, ಡಾಲ್ಫಿನ್ ಪ್ರದರ್ಶನ ಕೇಂದ್ರಗಳಿಗೆ ಅನುಮತಿ ನೀಡಕೂಡದೆಂದು ರಾಜ್ಯಗಳಿಗೆ ತಿಳಿಸಿತು. ಸರ್ಕಸ್ಸಿನ ಸಿಂಹ, ಹುಲಿ, ಕರಡಿಗಳನ್ನು ಕುಣಿಸಬಾರದೆಂಬ 1998ರ ಆಜ್ಞೆಯನ್ನು ಸುಪ್ರೀಂ ಕೋರ್ಟು 2001ರಲ್ಲಿ ಎತ್ತಿಹಿಡಿದಾಗಲೂ ಮಕ್ಕಳ ಸಂತೋಷ ಹೋಯಿತೆಂದು ಕೊರಗಿದವರಿದ್ದರು. ಇಂದಿನ ಮಕ್ಕಳಿಗೆ ಅದರ ನೆನಪೇ ಇಲ್ಲ.

ಹೀಗೆ ಇಲ್ಲಿ ಮುಚ್ಚಿದ ಬಾಗಿಲು ಹೊರನಾಡುಗಳಲ್ಲಿ ತೆರೆದೇ ಇದೆ, ನಮ್ಮವರ ಹಣದಿಂದಲೂ ನಡೆಯುತ್ತಿದೆ. ದಯೆಯ ಕುರಿತಾದ ಬಸವಣ್ಣನವರ ವಚನವನ್ನು ಪಡಸಾಲೆಯ ಗೋಡೆಗೆ ತೂಗುಹಾಕಿದ ಮನೆಯವರು ಆ ಟಿಕೇಟನ್ನು ಕೊಳ್ಳಬಾರದೆಂಬುದು ನಮ್ಮ ವಿನಂತಿ. ಡಾಲ್ಫಿನ್ ನೋಡುವ ಆಸೆ ಮಕ್ಕಳಿಗಿದ್ದರೆ ಕಾರವಾರ ದೂರವೇನಲ್ಲ. ಕಾಳಿ ನದಿ ಕಡಲನ್ನು ಕೂಡುವ ನೀರಿನಲ್ಲಿ ಅವು ತಮ್ಮ ಪಾಡಿಗೆ ತಾವು ಈಜಾಡಿಕೊಂಡಿವೆ. ಬೆನ್ನಟ್ಟಬೇಡವೆಂದು ದೋಣಿಯವನಿಗೆ ಮೊದಲೇ ಹೇಳಿ, ಯಂತ್ರವನ್ನು ನಿಲ್ಲಿಸಿ ಸುಮ್ಮನೆ ಕುಳಿತಿರಬೇಕು. ಕಂಡರೆ ಕಂಡೀತು; ಕಾಣದಿದ್ದರೆ ಮುಂದಿನ ರಜೆಗೆ ಮತ್ತೆ ಹೋದರಾಯಿತು.