ಟ್ರೇಯಲ್ಲಿ ಉಳಿದ ಎರಡು ಪಿನ್ನು

ಜುಗಾಡ್ ಅನ್ನು ಹೊಗಳುವ ಬರಹ ಓದಿದಾಗಲೆಲ್ಲ ನನಗೆ ನಮ್ಮ ಚಿಕ್ಕಪ್ಪನ ಟೆಂಪೊ ನೆನಪಾಗುತ್ತದೆ. ಅರಸೀಕೆರೆ ಕಡೆಯ ಹಳ್ಳಿಗಳಿಂದ ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಹೊರುತ್ತಿದ್ದ ಗಾಡಿ. ಹೊಗೆ ಜಾಸ್ತಿಯಾಗಿ ಆಯಿಲ್ ಕುಡಿಯತೊಡಗಿದಾಗ ಇಂಜಿನ್ ಇಳಿಸಿ, ಬ್ಲಾಕನ್ನು ಲೇತಿಗೆ ಕಳಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿದರು. ಇಂಜಿನ್ ಮತ್ತೆ ಕೂತಿತು, ಸ್ಟಾರ್ಟೂ ಆಯಿತು. ಸೀಮೆಎಣ್ಣೆ ಟ್ರೇಯ ತಳದಲ್ಲಿ ಮಾತ್ರ ಬೆರಳ ಗೆಣ್ಣಿನಷ್ಟುದ್ದದ ಎರಡು ಉಕ್ಕಿನ ಪಿನ್ನು ಉಳಿದಿದ್ದವು. ಆಗ ಡಿಪ್ಲೊಮಾ ಓದುತ್ತಿದ್ದ ನಾನು (ದಾರಿ ತಪ್ಪಿ ಸಾಹಿತ್ಯಕ್ಕೆ ಬಂದದ್ದು ಆಮೇಲೆ) ಇವು ಎಲ್ಲಿಯವು ಎಂದು ಕೇಳಿದೆ.

‘ಗೇರ್‌ಬಾಕ್ಸ್ ಕಡೆ ಡೋವೆಲ್ಲು. ಬಾಯಿ ಕೆಟ್ಟೈತೆ, ಒಳಗೆ ಹೋಗ್ತಿಲ್ಲ. ಬೋಲ್ಟ್ ಎಲ್ಲಾ ಟೈಟ್ ಮಾಡಿದೀನಿ, ಏನೂ ಆಗಲ್ಲ ಅಣ್ಣ’ ಎಂದರು ಮೇಸ್ತ್ರಿ, ಚಿಕ್ಕಪ್ಪನ ಕಡೆ ನೋಡುತ್ತ. ಚಿಕ್ಕಪ್ಪ ನನ್ನ ಕಡೆ ನೋಡಿ ನಕ್ಕರು. ‘ಉಳಿದ್ರೆ ಒಳ್ಳೇದೇ ಅಲ್ವೇನೋ?’

ಮೂರು ತಿಂಗಳಿಗೆ ಕ್ಲಚ್ ಪ್ಲೇಟಿನ ನಡುಭಾಗ ಕಿತ್ತುಬಂತು. ಪ್ಲೇಟೇ ಕಳಪೆ ಎಂದುಕೊಂಡು ಹೊಸದು ಹಾಕಿಸಿದರು. ಅದೂ ಹಾಗೇ ಹೋಯಿತು. ಆಮೇಲೆ ಟಾಪ್ ಗೇರ್ ತನ್ನಷ್ಟಕ್ಕೆ ನ್ಯೂಟ್ರಲ್ಲಿಗೆ ಜಾರತೊಡಗಿತು. ಎರಡನೇ ಸಲ ಗೇರ್‌ಬಾಕ್ಸ್ ಇಳಿಸಿದ್ದು ಕೊಬ್ಬರಿ ಹರಾಜಿನ ದಿನ. ವರ್ಷಗಟ್ಟಲೆ ಇವರಿಗೇ ಲೋಡು ಕೊಡುತ್ತಿದ್ದವರು ಅಂದು ಬೇರೆ ಗಾಡಿ ಕರೆದರು, ಮುಂದೆಯೂ ಆ ಗಾಡಿಯನ್ನೇ ಕರೆದರು.

ಬೋಲ್ಟ್ ಬಿಗಿಯುತ್ತದೆ, ಅಷ್ಟೇ. ಎಲ್ಲಿ ಕೂರಬೇಕು ಎಂದು ಹೇಳುವುದು ಅದರ ಕೆಲಸವಲ್ಲ. 10 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 11 ಮಿ.ಮೀ. ತೂತು ಕೊರೆದಿರುತ್ತಾರೆ. ಸಲೀಸಾಗಿ ತೂರಲಿ ಎಂದೇ ಆ ಸಡಿಲ. ಅಂದರೆ ನಡುವಿನಿಂದ ಯಾವ ದಿಕ್ಕಿಗಾದರೂ ಅರ್ಧ ಮಿ.ಮೀ. ಸರಿದು ಕೂತರೂ ಬೋಲ್ಟಿಗೆ ಅದು ಗೊತ್ತೇ ಆಗುವುದಿಲ್ಲ. ಸರಿದ ಜಾಗದಲ್ಲೇ ನಿಷ್ಠೆಯಿಂದ ಬಿಗಿಯುತ್ತದೆ. ಡೋವೆಲ್ಲಿನ ಲೆಕ್ಕ ಬೇರೆ. ಪ್ರಮಾಣಿತ 10 ಮಿ.ಮೀ. ಪಿನ್ನು ಹೇಳಿದ ಅಳತೆಗಿಂತ 6ರಿಂದ 15 ಮೈಕ್ರಾನಿನಷ್ಟು ದಪ್ಪ ಇರುತ್ತದೆ, ತಲೆಕೂದಲ ದಪ್ಪದ ಕಾಲುಭಾಗವೂ ಅಲ್ಲ. ಬ್ಲಾಕಿನಲ್ಲಿ ಅದು ಒತ್ತಿ ಕೂರಬೇಕು, ಎದುರಿನ ಭಾಗ ಅದರ ಮೇಲೆ ಸವರಿಕೊಂಡು ಇಳಿಯಬೇಕು. ಬೀಸುವ ಕಲ್ಲಿನ ಗೂಟವನ್ನು ನೆನೆಸಿಕೊಳ್ಳಿ. ಹಿಟ್ಟು ಮಾಡುವುದು ಕಲ್ಲು, ತಿರುಗಿಸುವುದು ಕೈ. ಗೂಟ ಸುಮ್ಮನೆ ನಿಂತಿರುತ್ತದೆ. ಅದು ಅಲುಗಾಡಿದ ದಿನ ರಾಗಿ ನುಚ್ಚಾಗುತ್ತದೆ.

ಚಿಕ್ಕಪ್ಪನ ಗಾಡಿಯಲ್ಲಿ ಆದದ್ದೂ ಅದೇ. ಗೇರ್‌ಬಾಕ್ಸಿನಿಂದ ಚಾಚುವ ಶಾಫ್ಟಿನ ತುದಿ ಕ್ರ್ಯಾಂಕಿನ ಹಿಂಬದಿಯ ಪುಟ್ಟ ಬೇರಿಂಗಿನಲ್ಲಿ ಕೂರುತ್ತದೆ, ಬುಡ ಗೇರ್‌ಬಾಕ್ಸಿನ ಬೇರಿಂಗಿನಲ್ಲಿ. ಎರಡೂ ಒಂದೇ ಗೆರೆಯಲ್ಲಿರಬೇಕು. ಬ್ಲಾಕಿಗೂ ಬೆಲ್ ಹೌಸಿಂಗಿಗೂ ನಡುವಿನ ಎರಡು ಪಿನ್ನು ಇಲ್ಲದಿದ್ದರೆ ಆ ಗೆರೆ ತಪ್ಪುತ್ತದೆ, ಪ್ರತಿ ಸುತ್ತಿಗೂ ಕ್ಲಚ್ ಪ್ಲೇಟಿನ ನಡು ಅತ್ತಿತ್ತ ಬಾಗುತ್ತದೆ. ನಿಮಿಷಕ್ಕೆ ಎರಡು ಸಾವಿರ ಸಲ ಬಗ್ಗಿಸಿದರೆ ಉಕ್ಕು ಎಷ್ಟು ದಿನ ತಡೆದೀತು?

‘ಏನೂ ಆಗಲ್ಲ’ ಎಂಬ ಮಾತು ಹುಟ್ಟುವುದು ಪಿನ್ನು ಹಾಕುವಾಗ ಅಲ್ಲ, ತೆಗೆಯುವಾಗ. ಬ್ಲಾಕಿನ ಮುಖ ಸಾಪು ಮಾಡಿಸಬೇಕಾದರೆ ಪಿನ್ನು ಹೊರಗೆ ಬರಲೇಬೇಕು. ಅದೋ ವರ್ಷಗಳಿಂದ ತುಕ್ಕು ಹಿಡಿದು ಕೂತಿರುತ್ತದೆ. ಟೊಳ್ಳು ಪಿನ್ನಾದರೆ ಒಳಗೆ ಸರಿಯಾಗಿ ಕೂರುವ ಸರಳೊಂದನ್ನು ತೂರಿಸಿ, ಆಮೇಲೆ ಪ್ಲೈಯರಿನಲ್ಲಿ ಹಿಡಿದು ತಿರುಚುತ್ತ ಎಳೆಯಬೇಕು. ಸರಳಿಲ್ಲದೆ ಹಿಡಿದರೆ ಅದು ಕಬ್ಬಿನ ಜಲ್ಲೆಯಂತೆ ಚಪ್ಪಟೆಯಾಗುತ್ತದೆ. ಗಟ್ಟಿ ಪಿನ್ನಾದರೆ, ಹಿಂದಿನಿಂದ ದಾರಿಯಿದ್ದರೆ ಅಲ್ಲಿಂದ ತಟ್ಟಿ ಹೊರಹಾಕಬಹುದು. ದಾರಿಯಿಲ್ಲದ ಕುರುಡು ತೂತಾದರೆ ಕಷ್ಟ: ತಲೆಗೆ ನಟ್ ವೆಲ್ಡ್ ಮಾಡಿ, ಆರಲು ಬಿಟ್ಟು, ಸ್ಲೈಡ್ ಹ್ಯಾಮರಿನಿಂದ ಎಳೆಯಬೇಕು. ವೆಲ್ಡಿನ ಕಾವಿಗೆ ಹಿಗ್ಗಿ, ಆರುವಾಗ ಕುಗ್ಗುವ ಪಿನ್ನು ತುಕ್ಕಿನ ಹಿಡಿತ ಬಿಡುತ್ತದೆ. ಇಷ್ಟಕ್ಕೆಲ್ಲ ಮೊದಲು, ಅದು ಮುಖದಿಂದ ಎಷ್ಟು ಹೊರಗೆ ಚಾಚಿದೆ ಎಂದು ವರ್ನಿಯರಿನಲ್ಲಿ ಅಳೆದು ಬರೆದಿಟ್ಟುಕೊಳ್ಳಬೇಕು. ಹೊಸ ಪಿನ್ನು ಅಷ್ಟೇ ಚಾಚಬೇಕಲ್ಲ. ಹೆಚ್ಚು ಚಾಚಿದರೆ ಎದುರಿನ ತೂತಿನ ತಳಕ್ಕೆ ತಾಗಿ ಮುಖಗಳು ಕೂಡುವುದಿಲ್ಲ.

ತಾಳ್ಮೆಯಿದ್ದವರಿಗೆ ಅರ್ಧ ದಿನದ ಕೆಲಸ. ಇಲ್ಲದವರು ಗ್ರೈಂಡರ್ ಹಿಡಿದು ಪಿನ್ನಿನ ತಲೆ ಹಾರಿಸಿ ಸಪಾಟು ಮಾಡಿಬಿಡುತ್ತಾರೆ. ಕಣ್ಣಾರೆ ಕಂಡಿದ್ದೇನೆ. ಹೊರಗಿನಿಂದ ನೋಡಿದರೆ ಬ್ಲಾಕ್ ಥಳಥಳ ಹೊಳೆಯುತ್ತಿರುತ್ತದೆ.

ಹಾಕುವುದು ಅಷ್ಟು ಕಷ್ಟವಲ್ಲ. ತೂತನ್ನು ಒಣಗುವಂತೆ ಒರೆಸಬೇಕು. ಕುರುಡು ತೂತಿನ ತಳದಲ್ಲಿ ಎಣ್ಣೆ ಉಳಿದರೆ ಪಿನ್ನು ಹೊಡೆದಾಗ ಅದಕ್ಕೆ ಹೋಗಲು ಜಾಗವಿಲ್ಲದೆ ಬ್ಲಾಕೇ ಬಿರಿಯಬಹುದು. ಪಿನ್ನನ್ನು ಫ್ರೀಜರಿನಲ್ಲಿಟ್ಟರೆ ಒಂದಿಷ್ಟು ಕುಗ್ಗುತ್ತದೆ. ನೆಟ್ಟಗೆ ಹಿಡಿದು ಹಿತ್ತಾಳೆಯ ಸರಳಿನಿಂದ ತಟ್ಟಬೇಕು. ತೂತು ಹಿರಿದಾಗಿದ್ದರೆ ರೀಮರ್ ಹಾಕಿ ಒಂದು ಅಳತೆ ದಪ್ಪದ ಪಿನ್ನು ಕೂರಿಸಬೇಕೇ ಹೊರತು, ಸುತ್ತ ಪಂಚ್ ಹೊಡೆದು ಬಾಯಿ ಕಿರಿದು ಮಾಡುವುದು ಮೋಸ. ಪ್ಲೈಯರ್ ಕಚ್ಚಿದ ಹಳೆಯ ಪಿನ್ನನ್ನು ಎಸೆಯಬೇಕು. ಹೊಸ ಜೋಡಿಗೆ ಬೀಳುವುದು ಹೋಟೆಲ್ ಊಟದಷ್ಟು ದುಡ್ಡು.

ಅಮೆರಿಕದಲ್ಲಿ ಹಳೆಯ ವಿ8 ಇಂಜಿನ್ನುಗಳನ್ನು ಹವ್ಯಾಸಕ್ಕೆ ಕಟ್ಟುವವರಿದ್ದಾರೆ. ಅವರು ಪಿನ್ನು ಇದ್ದ ಮಾತ್ರಕ್ಕೆ ನಂಬುವುದಿಲ್ಲ. ಡಯಲ್ ಗೇಜ್ ಇಟ್ಟು ಬೆಲ್ ಹೌಸಿಂಗಿನ ನಡುವನ್ನು ಅಳೆಯುತ್ತಾರೆ. ಮುಳ್ಳು ಇಂಚಿನ ಸಾವಿರದ 5 ಭಾಗ ದಾಟಿ ಓಡಿದರೆ ನಡು ಸರಿದ ಆಫ್‌ಸೆಟ್ ಡೋವೆಲ್ ಹಾಕಿ ತಿದ್ದುತ್ತಾರೆ. 7, 14, 21 ಸಾವಿರಾಂಶ ಸರಿದವು ಅಂಗಡಿಯಲ್ಲೇ ಸಿಗುತ್ತವೆ. ಭಾನುವಾರದ ಮೋಜಿನ ಕಾರಿಗೆ ಇಷ್ಟು ಮರ್ಯಾದೆ. ಒಂದು ಮನೆಯ ಅನ್ನ ದುಡಿಯುವ ಟೆಂಪೊಗೆ ‘ಏನೂ ಆಗಲ್ಲ’. ಇದನ್ನು ನಾವು ನಮ್ಮ ಜನರ ಜಾಣ್ಮೆ ಎಂದು ಕರೆದು ಅಂಕಣ ಬರೆಯುತ್ತೇವೆ!

ಮೇಸ್ತ್ರಿಯನ್ನು ಬೈದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಇಂಜಿನ್ ಇಳಿಸಿ ಹತ್ತಿಸಲು ಇಷ್ಟು ಎಂದು ಒಟ್ಟಿಗೆ ಮಾತಾಡಿ, ಅದರಲ್ಲೂ ಚೌಕಾಸಿ ಮಾಡಿ, ನಾಳೆ ಬೆಳಗ್ಗೆ ಗಾಡಿ ಬೇಕು ಎಂದವರು ನಾವೇ. ಪಿನ್ನು ಕೀಳುವ ಅರ್ಧ ದಿನಕ್ಕೆ ಆ ಮಾತುಕತೆಯಲ್ಲಿ ಕಾಸಿಲ್ಲ. ನನ್ನ ಜಗಳ ಇರುವುದು ಬರೆಯುವವರ ಜತೆ. ನಮ್ಮ ಕಥೆಗಳಲ್ಲಿ ಮೆಕ್ಯಾನಿಕ್ ಬರುತ್ತಾನೆ, ಅವನ ಉಗುರಿನ ಗ್ರೀಸೂ ಬರುತ್ತದೆ. ಆ ಕೈ ಏನು ಮಾಡುತ್ತಿದೆ ಎಂಬುದು ಮಾತ್ರ ಬರುವುದಿಲ್ಲ. ಕೆಲಸವೇ ಗೊತ್ತಿಲ್ಲದ ಮೇಲೆ ಒಳ್ಳೆಯ ಕೆಲಸ ಯಾವುದು, ತೇಪೆ ಯಾವುದು ಎಂದು ಹೇಗೆ ತಿಳಿಯಬೇಕು? ತಿಳಿಯದೆ ತೇಪೆಯನ್ನೇ ಪ್ರತಿಭೆ ಎನ್ನುತ್ತೇವೆ. ಆ ಪ್ರತಿಭೆಯ ಬಿಲ್ಲು ಕಟ್ಟುವುದು ಅಂಕಣಕಾರರಲ್ಲ. ಜುಗಾಡಿನ ಗಾಡಿಯಲ್ಲಿ ದಿನವೂ ಕೂತು ಹೋಗುವ ದರ್ದು ಅವರಿಗಿಲ್ಲ.

ಬಡತನದಲ್ಲಿ ಇನ್ನೇನು ಮಾಡಲಾದೀತು ಎನ್ನುವವರಿಗೆ ಲೆಕ್ಕ ಒಪ್ಪಿಸುತ್ತೇನೆ. ಎರಡು ಕ್ಲಚ್ ಪ್ಲೇಟು, ಒಂದು ರಿಲೀಸ್ ಬೇರಿಂಗು, ಗೇರ್‌ಬಾಕ್ಸಿನ ಮುಂದಿನ ಬೇರಿಂಗು, ಎರಡು ಸಲದ ಇಳಿಸು-ಹತ್ತಿಸು ಕೂಲಿ, ಓಡದೆ ನಿಂತ ಹನ್ನೊಂದು ದಿನ, ಕೈಬಿಟ್ಟ ಗಿರಾಕಿ. ಇಷ್ಟೂ ಉಳಿತಾಯವಾದ ಎರಡು ಪಿನ್ನಿಗೆ.

ಕೊನೆಗೆ ಕೆಲಸ ಸರಿ ಮಾಡಿದ್ದು ಇನ್ನೊಬ್ಬ ಮೇಸ್ತ್ರಿ, ವಯಸ್ಸಾದವರು. ಗೇರ್‌ಬಾಕ್ಸ್ ಇಳಿಸಿದವರೇ ಬ್ಲಾಕಿನ ಹಿಂಬದಿಗೆ ಟಾರ್ಚ್ ಬಿಟ್ಟು, ಖಾಲಿ ತೂತಿಗೆ ಕಿರುಬೆರಳು ತೂರಿಸಿ, ‘ಪಿನ್ನೆಲ್ಲಿ?’ ಎಂದು ಕೇಳಿದರು. ಚಿಕ್ಕಪ್ಪ ತಲೆ ತಗ್ಗಿಸಿದರು. ಆ ಗಾಡಿ ಈಗಿಲ್ಲ. ಆದರೆ ಈಗಿನ ಗಾಡಿಗೆ ಏನೇ ರಿಪೇರಿ ಬಂದರೂ ಚಿಕ್ಕಪ್ಪ ಕೆಲಸ ಮುಗಿಯುವವರೆಗೆ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದು, ದುಡ್ಡು ಕೊಡುವ ಮುಂಚೆ ಟ್ರೇ ಬಗ್ಗಿಸಿ ಸೀಮೆಎಣ್ಣೆ ಚೆಲ್ಲಿ ತಳ ನೋಡುತ್ತಾರೆ.