ಗುಮಾಸ್ತನ ಮೇಜಿನಿಂದ: ರುಜು ಯಾರದು, ಇಚ್ಛೆ ಯಾರದು?

ದಫ್ತರದಲ್ಲಿ ದುಡಿದವರಿಗೆ ಒಂದು ಸಂಗತಿ ಗೊತ್ತುಂಟು. ಸಂಜೆ ಮನೆಗೆ ಹೊರಡುವ ಹೊತ್ತಿಗೆ ಸಾಹೇಬರ ಮುಂದೆ ಕಡತಗಳ ಕಟ್ಟನ್ನಿಟ್ಟರೆ ಅವರು ಓದುವುದಿಲ್ಲ. ರುಜು ಹಾಕುತ್ತ ಹೋಗುತ್ತಾರೆ. ಆ ಕಟ್ಟಿನೊಳಗೆ ಯಾರಾದರೂ ತಮ್ಮದೊಂದು ಕಾಗದವನ್ನು ತೂರಿಸಿದರೆ? ರುಜು ನಕಲಿಯಲ್ಲ, ಮೊಹರೂ ನಕಲಿಯಲ್ಲ. ಆಜ್ಞೆ ಮಾತ್ರ ಸಾಹೇಬರದಲ್ಲ.

ಇಂಥದೇ ಪೇಚು ಈಚೆಗೆ ನಮ್ಮ ಮಿತ್ರವರ್ಗದಲ್ಲಿ ನಡೆಯಿತು. ಹೈದರಾಬಾದಿನಲ್ಲಿ ನೆಲಸಿದ ಕೆಲವು ಕನ್ನಡ ಮನೆಗಳವರು ಅಂತರಜಾಲದಲ್ಲಿ ಒಂದು ವಿಕಿ ಇಟ್ಟುಕೊಂಡಿದ್ದೇವೆ. ವಿಕಿ ಎಂದರೆ ಎಲ್ಲರೂ ಕೂಡಿ ಬರೆದು ತಿದ್ದುವ ಪುಸ್ತಕ. ಊರಿನ ನೆನಪು, ಮದುವೆಯ ಹಾಡು, ಅಡಿಗೆಯ ವಿಧಾನ ಎಲ್ಲವೂ ಅಲ್ಲುಂಟು. ಒಂದು ಬೆಳಿಗ್ಗೆ ನೋಡಿದರೆ, ಕಾಚಿಗೂಡದ ಅಜ್ಜಿಯೊಬ್ಬರು ಹೇಳಿ ಬರೆಸಿದ್ದ ಪುಟವೇ ಇಲ್ಲ! ಅಳಿಸಿದವರ ಜಾಗದಲ್ಲಿ ನಮ್ಮ ರಾಯರ ಹೆಸರು. "ನಾನು ಮುಟ್ಟಿಯೇ ಇಲ್ಲವಪ್ಪ" ಎಂದು ಎಪ್ಪತ್ತು ದಾಟಿದ ಆ ಹಿರಿಯರು ಹೇಳಿದರೆ ನಂಬುವವರಿಲ್ಲ. ಸುಳ್ಳೇಕೆ, ನನಗೂ ಸಂಶಯವಿತ್ತು. ಎರಡು ಮನೆಗಳ ನಡುವೆ ಮಾತೇ ನಿಂತಿತು.

ವಿಚಾರಿಸಿದಾಗ ತಿಳಿಯಿತು: ಹಿಂದಿನ ರಾತ್ರಿ ರಾಯರು ಹಬ್ಬದ ಶುಭಾಶಯವೆಂದು ಬಂದ ಒಂದು ಕೊಂಡಿಯನ್ನು ಒತ್ತಿದ್ದರು. ವಿಕಿಯೊಳಗೆ ಹೆಸರು ಹೇಳಿ ಪ್ರವೇಶಿಸಿದಾಗ ಬ್ರೌಸರಿಗೆ ಕುಕಿ ಎಂಬ ಗುರುತಿನ ಚೀಟಿ ದೊರೆಯುತ್ತದೆ. ಮುಂದೆ ಅಲ್ಲಿಗೆ ಹೋಗುವ ಕೋರಿಕೆಯೊಡನೆ ಬ್ರೌಸರು ಚೀಟಿಯನ್ನೂ ತಾನಾಗಿಯೇ ಕಳುಹಿಸುತ್ತದೆ. ಯಜಮಾನರ ಇಚ್ಛೆಯೇನೆಂದು ಕೇಳುವುದಿಲ್ಲ. ಶುಭಾಶಯದ ಮರೆಯಲ್ಲಿದ್ದದ್ದು "ಈ ಪುಟವನ್ನು ಅಳಿಸು" ಎಂಬ ಕೋರಿಕೆ. ನಮ್ಮ ವಿಕಿಯನ್ನು ಬಲ್ಲ ಯಾರದೋ ಕುಚೇಷ್ಟೆ. ರಾಯರ ಚೀಟಿ ಜೊತೆಗೆ ಹೋಯಿತು, ವಿಕಿ ನಂಬಿತು. ಪಾಸ್‌ವರ್ಡನ್ನು ಯಾರೂ ಕದ್ದಿರಲಿಲ್ಲ. ಈ ಬಗೆಯ ಮೋಸಕ್ಕೆ 2001ರಲ್ಲಿ ಬಿದ್ದ ಹೆಸರು ಕ್ರಾಸ್ ಸೈಟ್ ರಿಕ್ವೆಸ್ಟ್ ಫೋರ್ಜರಿ.

ಇದಕ್ಕೆ ಮದ್ದು ನಮ್ಮ ದಫ್ತರದ ಪದ್ಧತಿಯೇ. ನಾವೇ ಕ್ರಮಸಂಖ್ಯೆ ಹಾಕಿ ಕೊಟ್ಟ ನಮೂನೆಯಲ್ಲಿ ಬಾರದ ಅರ್ಜಿಯನ್ನು ಹಿಂದಿರುಗಿಸುತ್ತೇವಲ್ಲವೆ? 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶವೂ ಹಾಗೆಯೇ ಮಾಡುತ್ತದೆ. ತಿದ್ದುವ ಪುಟದೊಳಗೆ ಕಣ್ಣಿಗೆ ಕಾಣದ ಟೋಕನ್ ಒಂದನ್ನಿಟ್ಟಿರುತ್ತದೆ. ಉಳಿಸುವಾಗ ಅದು ಮರಳಿ ಬಂದರೆ ಮಾತ್ರ ತಿದ್ದುಪಡಿ ಮಂಜೂರು. ಹೊರಗಿನ ತಾಣ ಕೋರಿಕೆಯನ್ನು ಕಳುಹಿಸಬಲ್ಲದು. ಆದರೆ ವಿಕಿಯ ಪುಟವನ್ನು ಓದಲು ಬ್ರೌಸರು ಅದಕ್ಕೆ ಬಿಡದ ಕಾರಣ ಟೋಕನ್ ತಿಳಿಯದು. ಬಹಳ ಹೊತ್ತು ಬಿಟ್ಟು ಉಳಿಸಹೋದಾಗ ವಿಕಿಪೀಡಿಯ ತಕರಾರು ಮಾಡಿದರೆ ಬೇಸರಿಸಬೇಡಿ. ಇದೇ ತಪಾಸಣೆ ಕಾರಣವಿದ್ದೀತು. 2020ರಿಂದ ಕ್ರೋಮ್ ಬ್ರೌಸರು ಅನ್ಯ ತಾಣದಿಂದ ಹೊರಟ ಹಲವು ಕೋರಿಕೆಗಳೊಡನೆ ಚೀಟಿ ಕಳುಹಿಸುವುದನ್ನು ತಡೆಯುತ್ತಿದೆ. ಆದರೆ ನಾವೇ ಒತ್ತಿದ ಕೊಂಡಿಗೆ ಆ ತಡೆ ಸಾಮಾನ್ಯವಾಗಿ ಇಲ್ಲ.

ನಮ್ಮ ವಿಕಿಯ ಹಳೆಯ ತಂತ್ರಾಂಶದಲ್ಲಿ ಈ ಟೋಕನ್ ಇರಲಿಲ್ಲ. ಹುಡುಗರು ಅದನ್ನು ಬದಲಾಯಿಸಿದರು. ಕೆಲಸ ಮುಗಿದೊಡನೆ ಲಾಗ್ ಔಟ್ ಆಗುವುದನ್ನು ನಾವೂ ಕಲಿತೆವು. ಕಾದಿರಿಸಿದ ಪ್ರತಿಯಿಂದ ಅಜ್ಜಿಯ ಪುಟ ಮರಳಿತು. ಆಡಿದ ಮಾತಿಗೆ ಮಾತ್ರ ಕಾದಿರಿಸಿದ ಪ್ರತಿಯಿಲ್ಲ. ನಾವೆಲ್ಲ ರಾಯರ ಮನೆಗೆ ಹೋಗಿ ಕ್ಷಮೆ ಕೇಳಬೇಕಾಯಿತು. ಅವರು ನಕ್ಕು ಕಾಫಿ ತರಿಸಿದರು. ದಾಖಲೆಯಲ್ಲಿ ಹೆಸರು ಕಂಡೊಡನೆ ತೀರ್ಪು ಕೊಡಬಾರದೆಂದು ಹತ್ತು ವರ್ಷ ಕಡತ ಹೊತ್ತ ನನಗೆ ಅಂದು ತಿಳಿಯಿತು.