ಸಾರುವೆ ಯಾರದು?

ಮಧುಗಿರಿಯ ಹೊಸ ಬಡಾವಣೆಗಳಲ್ಲಿ ಬೆಳಿಗ್ಗೆ ಒಂದು ಸುತ್ತು ಹೊಡೆದರೆ ಸಾರುವೆ ಕಟ್ಟುವ ಬಗೆ ಗೊತ್ತಾಗುತ್ತದೆ. ಸರ್ವೆ ಮರದ ನಾಲ್ಕು ಗಳು, ಗೋಡೆಯ ತೂತಿಗೆ ತೂರಿಸಿದ ಅಡ್ಡಗೋಲು, ಹಗ್ಗದ ಕಟ್ಟು, ಮೇಲೊಂದು ಹಲಗೆ. ಗಾರೆಯವನು ಅದರ ಮೇಲೆ ಬರಿಗಾಲಲ್ಲಿ ನಿಂತು ಕರಣೆ ಆಡಿಸುತ್ತಿರುತ್ತಾನೆ, ಕೆಳಗಿನಿಂದ ಹೆಂಗಸೊಬ್ಬಳು ಬಾಂಡ್ಲಿ ಎತ್ತಿಕೊಡುತ್ತಾಳೆ. ಹಗ್ಗ ಹಳೆಯದೋ ಹೊಸದೋ ಎಂದು ಮನೆ ಮಾಲೀಕ ಕೇಳುವುದಿಲ್ಲ. ಅದು ಮೇಸ್ತ್ರಿಯ ಸಾಮಾನು.

ಗಾರೆಯವನು ಬಿದ್ದ ದಿನ ಮಾತ್ರ ಎಲ್ಲರೂ ಕೇಳುತ್ತಾರೆ.

ಸಾರುವೆ ಮೇಸ್ತ್ರಿಯದು ಎಂಬ ಮಾಲೀಕನ ಮಾತಿನಲ್ಲಿ ಹುರುಳಿದೆ. ಶಿರಾದಲ್ಲೋ ಕೊರಟಗೆರೆಯಲ್ಲೋ ಮನೆ ಕಟ್ಟಿಸುವವನು ಬಿಲ್ಡರ್ ಅಲ್ಲ, ಒಡವೆ ಅಡವಿಟ್ಟ ಮೇಷ್ಟ್ರು ಅಥವಾ ಅಡಿಕೆ ಮಾರಿದ ರೈತ. ಚದರಕ್ಕಿಷ್ಟು ಎಂದು ಲೇಬರ್ ಗುತ್ತಿಗೆ ಕೊಟ್ಟ ಮೇಲೆ ಯಾರನ್ನು ಕರೆತರಬೇಕು, ಹಲಗೆ ಎಲ್ಲಿ ಕಟ್ಟಬೇಕು ಎಂಬಲ್ಲಿ ಅವನ ಮಾತು ನಡೆಯದು. ಕಾನೂನೂ ಬಹುಮಟ್ಟಿಗೆ ಅವನ ಪರ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ 12ನೇ ಕಲಮಿನಲ್ಲಿದ್ದ, ಈಗ ಸಾಮಾಜಿಕ ಭದ್ರತಾ ಸಂಹಿತೆಗೆ ಬಂದಿರುವ ನಿಯಮ ಗುತ್ತಿಗೆದಾರನ ಆಳಿಗೆ ಪೆಟ್ಟಾದರೆ ಕೆಲಸ ಕೊಟ್ಟವನನ್ನೂ ಹೊಣೆ ಮಾಡುತ್ತದೆ, ಆದರೆ ಆ ಕೆಲಸ ಅವನ ಕಸುಬಿನ ಭಾಗವಾಗಿದ್ದರೆ ಮಾತ್ರ. ಪಾವಗಡದ ತಿರುಮಣಿ ಸುತ್ತಲಿನ ಸೋಲಾರ್ ಪಾರ್ಕಿನಂಥ ಕಡೆ ಉಪಗುತ್ತಿಗೆಯವನ ಆಳು ಬಿದ್ದರೆ ಮೇಲಿನ ಕಂಪನಿ ನುಣುಚಿಕೊಳ್ಳುವುದು ಕಷ್ಟ. ಮೇಷ್ಟ್ರಿಗೆ ಮನೆ ಕಟ್ಟುವುದು ಕಸುಬಲ್ಲ.

ಹಾಗಾದರೆ ಹೊಣೆ ಮೇಸ್ತ್ರಿಯದು. ತೊಡಕು ಇರುವುದೇ ಇಲ್ಲಿ. ಮೇಸ್ತ್ರಿ ಎಂದರೆ ನಿನ್ನೆಯ ಗಾರೆಯವನೇ. ಒಂದು ಬೈಕು, ಒಂದಷ್ಟು ಸೆಂಟ್ರಿಂಗ್ ಶೀಟು ಬಿಟ್ಟರೆ ಅವನಿಗೆ ಆಸ್ತಿಯಿಲ್ಲ. ಲೆಕ್ಕ ಹಾಕಿ ನೋಡಿ: 30 ವರ್ಷದವನು ಸತ್ತನೆನ್ನಿ, ದಿನಕ್ಕೆ 800 ರೂಪಾಯಿ ಕೂಲಿ. 2020ರಿಂದ ಕಾನೂನು ತಿಂಗಳಿಗೆ ಹೆಚ್ಚೆಂದರೆ 15,000 ರೂಪಾಯಿ ಸಂಬಳವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಅದರರ್ಧವನ್ನು ಆ ವಯಸ್ಸಿನ ಗುಣಕ 207.98ರಿಂದ ಗುಣಿಸಿದರೆ 15,59,850 ರೂಪಾಯಿ. ತಿಂಗಳು ಮೀರಿದರೆ ಶೇ. 12 ಬಡ್ಡಿ. ಮೇಸ್ತ್ರಿಯ ಮೇಲೆ ಆದೇಶ ತರಬಹುದು, ದುಡ್ಡು ತರುವುದು ಎಲ್ಲಿಂದ?

ಹೀಗಾಗಿ ಪಂಚಾಯಿತಿ ಸೇರುತ್ತದೆ. ಆಸ್ಪತ್ರೆಯಲ್ಲಿ ‘ಬೈಕಿಂದ ಬಿದ್ದ ಅಂತ ಬರೆಸಪ್ಪ’ ಎಂದು ಯಾರೋ ಕಿವಿಯಲ್ಲಿ ಹೇಳುತ್ತಾರೆ. ಮಾಲೀಕ ಆಸ್ಪತ್ರೆ ಬಿಲ್ಲು ಕಟ್ಟುತ್ತಾನೆ, ಸತ್ತರೆ ಹಿರಿಯರ ಮುಂದೆ ಒಂದು ಮೊತ್ತ. ಪೊಲೀಸಿಗೆ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, ನಿರ್ಲಕ್ಷ್ಯದ ಸಾವು, ಐದು ವರ್ಷದವರೆಗೆ ಜೈಲು. ದೂರಿನಲ್ಲಿ ಮಾಲೀಕನ ಹೆಸರೂ ಬರಬಹುದು. ಅವನ ಈ ಹೆದರಿಕೆಯೊಂದೇ ಕೂಲಿಯವನ ಮನೆಯವರ ಕೈಲಿರುವ ಬಲ. ಅದನ್ನು ಬ್ಲ್ಯಾಕ್‌ಮೇಲ್ ಎನ್ನುವವರಿದ್ದಾರೆ, ನನಗೆ ಹಾಗನ್ನಲು ನಾಲಿಗೆ ಬರುವುದಿಲ್ಲ.

‘ಹೆಲ್ಮೆಟ್ ಕೊಟ್ರೆ ಸಿಮೆಂಟ್ ಮೂಟೆ ಮೇಲೆ ಇಡ್ತಾರೆ ಸಾರ್’ ಎಂಬ ಮೇಸ್ತ್ರಿಗಳ ದೂರೂ ಸುಳ್ಳಲ್ಲ. ಕುಡಿದಿದ್ದರೆ, ಬೇಕೆಂದೇ ಸುರಕ್ಷತೆಯ ಸಾಧನ ತೆಗೆದಿಟ್ಟಿದ್ದರೆ ಪರಿಹಾರವಿಲ್ಲ ಎಂದು ಕಾನೂನೇ ಹೇಳುತ್ತದೆ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಮಾತ್ರ ಈ ವಿನಾಯಿತಿ ಅನ್ವಯಿಸದು. ತಪ್ಪು ಅವನದೇ ಆದರೂ ದಂಡ ತೆರುವವರು ಹೆಂಡತಿ ಮಕ್ಕಳು, ಆದ್ದರಿಂದ ಇದು ಸರಿ ಎಂದೇ ನನಗನ್ನಿಸುತ್ತದೆ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆಯಲ್ಲ ಎನ್ನಬಹುದು. ಕಟ್ಟಡದ ವೆಚ್ಚದಲ್ಲಿ ಶೇ. 1 ಸೆಸ್, 90 ದಿನ ದುಡಿದವನಿಗೆ ಕಾರ್ಡು. 1996ರ ಕಾಯ್ದೆ 10 ಲಕ್ಷ ರೂಪಾಯಿವರೆಗಿನ ಸ್ವಂತ ಮನೆಯನ್ನು ಹೊರಗಿಟ್ಟಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಆ ಗೆರೆಯನ್ನು 50 ಲಕ್ಷಕ್ಕೆ ಏರಿಸಿದೆ. ಬೆಲೆ ಏರಿರುವಾಗ ಮೇಷ್ಟ್ರಿಗೆ ಇದು ನ್ಯಾಯವಾದ ಬಿಡುವು. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ 50 ಲಕ್ಷ ದಾಟುವ ಮನೆ ಎಷ್ಟಿದ್ದಾವು? ಕಾಗದದ ಮೇಲೆ ಆ ಗೆರೆಯೊಳಗಿನ ಮನೆಗಳ ಗಾರೆ ಕೆಲಸ ಈಗ ‘ಕಟ್ಟಡ ಕೆಲಸ’ವೇ ಅಲ್ಲ.

ಬೈಕು ರಸ್ತೆಗಿಳಿಸಲು ವಿಮೆ ಬೇಕು, ಹಲಗೆ ಹತ್ತಿಸಲು ಬೇಡ. ಕೆಲಸಗಾರರ ಪರಿಹಾರದ ವಿಮೆ ಮಾರುವ ಕಂಪನಿಗಳಿವೆ. ಮಾಲೀಕ ಅದರ ಕಂತು ಕಟ್ಟಲಿ, ಸಾರುವೆಗೆ ಮೇಸ್ತ್ರಿ ಜವಾಬು ಕೊಡಲಿ ಎನ್ನುವುದು ನನ್ನ ಪಕ್ಷ. ಮನೆ ಕಟ್ಟಲು ಲೈಸೆನ್ಸ್ ಕೇಳಿಕೊಂಡು ಹೋದವನ ಹತ್ತಿರ ಖಾತೆ, ನಕ್ಷೆ, ಕಂದಾಯದ ರಸೀದಿ ನೋಡುತ್ತಾರೆ. ಆ ಕಾಗದಗಳ ಜೊತೆ ಈ ವಿಮೆಯದೊಂದನ್ನೂ ಕೇಳಬಹುದಿತ್ತು.